ಮನೋರೋಗದ ಬೇರು ಹುಡುಕಲು ಶ್ರೀನಿವಾಸಪುರ, ತುರುವೇಕೆರೆಗಳಿಂದ ಬೇಕಾಗಿರುವುದೇನು?

ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಕೂರುವ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ಕಿಗೆ ಮಗನನ್ನು ಕರೆತರುವ ತಾಯಿ ಮಾತ್ರೆಯ ವಿಚಾರ ಎತ್ತುವುದಕ್ಕೂ ಮೊದಲು ಕೇಳುವ ಮಾತು ಒಂದೇ: 'ಯಾಕ್ ಬಂತು ಸಾರ್ ಇದು ನಮ್ ಹುಡುಗನಿಗೆ?' ಪಿಯುಸಿವರೆಗೆ ಚೆನ್ನಾಗಿ ಓದುತ್ತಿದ್ದವನು ಈಗ ರಾತ್ರಿಯೆಲ್ಲ ಎದ್ದು ಕೂತು ಯಾರ ಜೊತೆಗೋ ಮಾತಾಡುತ್ತಾನೆ. ವೈದ್ಯರು ರೋಗದ ಹೆಸರು ಹೇಳಬಲ್ಲರು, ಮಾತ್ರೆ ಬರೆಯಬಲ್ಲರು, ಕೆಲವು ವಾರಗಳಲ್ಲಿ ಕಿವಿಯಲ್ಲಿ ಕೇಳುವ ದನಿಗಳು ಕಡಿಮೆಯಾಗಬಹುದು ಎಂದು ಧೈರ್ಯವನ್ನೂ ತುಂಬಬಲ್ಲರು. 'ಯಾಕೆ' ಎಂಬುದಕ್ಕೆ ಮಾತ್ರ ಅವರ ಹತ್ತಿರ ಸರಿಯಾದ ಉತ್ತರವಿಲ್ಲ. 'ಮಿದುಳಿನಲ್ಲಿ ಕೆಮಿಕಲ್ ಏರುಪೇರಾಗಿದೆ' ಅನ್ನುತ್ತಾರೆ. ಅದು ಸಮಾಧಾನದ ಮಾತು, ಕಾರಣ ಅಲ್ಲ. ಪ್ಯಾರಾಸಿಟಮಾಲ್ ನುಂಗಿದರೆ ಜ್ವರ ಇಳಿಯುತ್ತದೆ ಎಂದಮಾತ್ರಕ್ಕೆ ಮೈಯಲ್ಲಿ ಪ್ಯಾರಾಸಿಟಮಾಲ್ ಕಡಿಮೆಯಾಗಿದ್ದರಿಂದಲೇ ಜ್ವರ ಬಂತು ಎನ್ನಲಾಗುತ್ತದೆಯೇ?

ನಮ್ಮ ಹತ್ತಿರ ಇರುವ ಔಷಧಿಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಲಿಥಿಯಂ 1949ರಲ್ಲಿ, ಕ್ಲೋರ್‌ಪ್ರೊಮಜಿನ್ 1952ರಲ್ಲಿ ಮನೋರೋಗಕ್ಕೆ ಬಳಕೆಗೆ ಬಂದವು. ಕಾರಣ ಹುಡುಕಿ, ಅದಕ್ಕೆ ತಕ್ಕ ಮದ್ದು ಮಾಡಿ ತಂದವಲ್ಲ ಇವು. ಬೇರೆ ಏನನ್ನೋ ನೋಡುತ್ತಿದ್ದಾಗ ಕೈಗೆ ಸಿಕ್ಕವು. ಖಿನ್ನತೆಯ ಮೊದಲ ಮಾತ್ರೆಗಳಲ್ಲಿ ಒಂದಾದ ಇಪ್ರೊನಯಜಿಡ್ ಮೂಲತಃ ಕ್ಷಯರೋಗದ ಔಷಧಿ. ಆಮೇಲೆ ಬಂದ ಸ್ಕಿಜೋಫ್ರೀನಿಯಾದ (ಇಲ್ಲದ ದನಿ ಕೇಳಿಸುವ, ಭ್ರಮೆ ಕಾಡುವ ಕಾಯಿಲೆ) ಮಾತ್ರೆಗಳೆಲ್ಲ ಹೆಚ್ಚುಕಡಿಮೆ ಮಿದುಳಿನ ಡೋಪಮಿನ್ ಎಂಬ ರಾಸಾಯನಿಕದ ಒಂದೇ ಬೀಗಕ್ಕೆ ಮಾಡಿದ ಬೇರೆಬೇರೆ ಕೀಲಿಗಳು. ಡೋಪಮಿನ್ನನ್ನು ನೇರವಾಗಿ ಮುಟ್ಟದೆ ಬೇರೆ ದಾರಿಯಲ್ಲಿ ಕೆಲಸ ಮಾಡುವ ಮದ್ದಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಎಪ್ಪತ್ತು ವರ್ಷ ಹಿಡಿಯಿತು.

ಕಾರಣ ಗೊತ್ತಾದರೆ ಏನು ಬದಲಾಗುತ್ತದೆ? ಬಹಳ ಬದಲಾಗುತ್ತದೆ. ನೂರು ವರ್ಷದ ಹಿಂದೆ ಯುರೋಪಿನ ಹುಚ್ಚಾಸ್ಪತ್ರೆಗಳ ಹಾಸಿಗೆಗಳಲ್ಲಿ ದೊಡ್ಡ ಪಾಲನ್ನು ತುಂಬಿದ್ದವರು 'ಜನರಲ್ ಪ್ಯಾರೆಸಿಸ್' ರೋಗಿಗಳು. ದೊಡ್ಡ ದೊಡ್ಡ ಮಾತಾಡುತ್ತ, ಬುದ್ಧಿ ಕಳೆದುಕೊಂಡು, ಕೈಕಾಲು ಬಿದ್ದು ಕೆಲವೇ ವರ್ಷಗಳಲ್ಲಿ ಸಾಯುತ್ತಿದ್ದರು. ವಂಶದ ದೋಷ, ನಡತೆಯ ದೋಷ ಎಂದೆಲ್ಲ ವಾದಗಳಿದ್ದವು. 1913ರಲ್ಲಿ ನೊಗುಚಿ ಮತ್ತು ಮೂರ್ ಎಂಬ ವಿಜ್ಞಾನಿಗಳು ಸತ್ತ ರೋಗಿಗಳ ಮಿದುಳಿನ ತೆಳು ಹಾಳೆಗಳನ್ನು ಸೂಕ್ಷ್ಮದರ್ಶಕದ ಅಡಿ ಇಟ್ಟು ಅಲ್ಲಿ ಸಿಫಿಲಿಸ್ ರೋಗಾಣುವನ್ನು ತೋರಿಸಿದರು. ಪೆನಿಸಿಲಿನ್ ಬಂದ ಮೇಲೆ ಆ ವಾರ್ಡುಗಳು ಖಾಲಿಯಾದವು. ಪೆಲಾಗ್ರ ಇನ್ನೊಂದು. ಮೆಕ್ಕೆಜೋಳವನ್ನೇ ನಂಬಿದ್ದ ಅಮೆರಿಕದ ದಕ್ಷಿಣ ಭಾಗದಲ್ಲಿ ಚರ್ಮ ಸುಲಿದು, ಭೇದಿಯಾಗಿ, ಕೊನೆಗೆ ಬುದ್ಧಿಭ್ರಮಣೆಯಾಗುತ್ತಿದ್ದ ರೋಗ ಅದು. ನಯಾಸಿನ್ ಎಂಬ ವಿಟಮಿನ್ನಿನ ಕೊರತೆ ಎಂದು 1937ರಲ್ಲಿ ಖಚಿತವಾಯಿತು. ಮೊನ್ನೆಮೊನ್ನೆಯ ಉದಾಹರಣೆ ಬೇಕೆಂದರೆ 2007ರದ್ದಿದೆ. ಇದ್ದಕ್ಕಿದ್ದಂತೆ ಭ್ರಮೆಗೆ ಒಳಗಾಗಿ, ಫಿಟ್ಸ್ ಬಂದು, ಸೆಟೆದು ಮಲಗುವ ಹುಡುಗಿಯರಲ್ಲಿ ಕೆಲವರಿಗೆ ಅವರದ್ದೇ ರೋಗನಿರೋಧಕ ವ್ಯವಸ್ಥೆ ಮಿದುಳಿನ ನರಕೋಶಗಳು ಸಂದೇಶ ಪಡೆಯುವ ಎನ್‌ಎಂಡಿಎ ಗ್ರಾಹಕದ ಮೇಲೆ ತಿರುಗಿಬಿದ್ದಿರುತ್ತದೆ ಎಂದು ನರವೈದ್ಯ ಡಾಲ್ಮಾವ್ ಅವರ ತಂಡ ತೋರಿಸಿತು. ಹಳ್ಳಿಯಲ್ಲಿ ಇದಕ್ಕೆ 'ಗಾಳಿ ಮೆಟ್ಟಿದೆ' ಅನ್ನುತ್ತಿದ್ದರು, ಆಸ್ಪತ್ರೆಯಲ್ಲಿ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವುದು) ಅನ್ನುತ್ತಿದ್ದರು. ಈಗ ರಕ್ತ ಮತ್ತು ಬೆನ್ನುಹುರಿಯ ನೀರಿನ ಪರೀಕ್ಷೆಯಲ್ಲಿ ಪತ್ತೆಯಾಗುತ್ತದೆ, ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಕೊಟ್ಟರೆ ಬಹುಪಾಲು ಮಂದಿ ಎದ್ದು ಓಡಾಡುತ್ತಾರೆ.

ಗಮನಿಸಿ: ಕಾರಣ ಗೊತ್ತಾದ ಕೂಡಲೇ ಆ ರೋಗ ಮನೋವೈದ್ಯರ ಕೈಬಿಟ್ಟು ಬೇರೆ ವಿಭಾಗಕ್ಕೆ ಹೋಗಿಬಿಡುತ್ತದೆ. ಹಾಗಾಗಿ 'ಮನೋರೋಗದಲ್ಲಿ ಏನೂ ಕಂಡುಹಿಡಿದಿಲ್ಲ' ಎಂಬ ಮಾತು ಸದಾ ನಿಜದಂತೆ ಕಾಣುತ್ತಲೇ ಇರುತ್ತದೆ.

ಉಳಿದಿರುವವು ಕಷ್ಟದ ರೋಗಗಳು: ಸ್ಕಿಜೋಫ್ರೀನಿಯಾ, ಬೈಪೋಲಾರ್ (ಅತಿ ಉತ್ಸಾಹ, ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ), ತೀವ್ರ ಖಿನ್ನತೆ, ಗೀಳು. ಇವಕ್ಕೆ ಒಂದು ರೋಗಾಣು, ಒಂದು ವಿಟಮಿನ್ ಎಂಬಂಥ ಸರಳ ಉತ್ತರ ಇರಲಾರದು. 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು 76,755 ಸ್ಕಿಜೋಫ್ರೀನಿಯಾ ರೋಗಿಗಳ ಮತ್ತು 2,43,649 ಇತರರ ಡಿಎನ್‌ಎ ಹೋಲಿಸಿ, ರೋಗದ ಜೊತೆ ನಂಟಿರುವ 287 ಜಾಗಗಳನ್ನು ಗುರುತಿಸಿತು. ಒಂದೊಂದರ ಪ್ರಭಾವವೂ ಚಿಟಿಕೆ ಉಪ್ಪಿನಷ್ಟು. ಅವಳಿಗಳಲ್ಲಿ, ಅದೂ ಒಂದೇ ಮೊಟ್ಟೆಯಿಂದಾದ ಅವಳಿಗಳಲ್ಲಿ, ಒಬ್ಬರಿಗೆ ರೋಗ ಬಂದರೆ ಇನ್ನೊಬ್ಬರಿಗೂ ಬರುವುದು ಹೆಚ್ಚೆಂದರೆ ಅರ್ಧದಷ್ಟು ಸಲ. ವಂಶವಾಹಿ ಪೂರ್ತಿ ಒಂದೇ ಆಗಿದ್ದರೂ ಕಡಿಮೆಯೆಂದರೂ ಅರ್ಧ ಮಂದಿ ತಪ್ಪಿಸಿಕೊಳ್ಳುತ್ತಾರೆ ಎಂದಾಯಿತು. ಹೆರಿಗೆಯ ಹೊತ್ತಿನ ತೊಂದರೆ, ಬಾಲ್ಯದ ಹಿಂಸೆ, ಹರೆಯದಲ್ಲಿ ಹತ್ತಿದ ಗಾಂಜಾ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅಪ್ಪ ಅಥವಾ ಅಮ್ಮನಿಗೆ ಸ್ಕಿಜೋಫ್ರೀನಿಯಾ ಇದ್ದರೂ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿಗೆ ಅದು ಬರುವುದಿಲ್ಲ. ಈ ಒಂದು ಅಂಕಿ ಗೊತ್ತಿದ್ದರೆ ಎಷ್ಟೋ ಹೆಣ್ಣುಮಕ್ಕಳ ಸಂಬಂಧ ಮುರಿಯುತ್ತಿರಲಿಲ್ಲ.

ಒಂದು ಸುಳಿವು ಮಾತ್ರ ಬಹಳ ಆಸಕ್ತಿಯದು. ಹಿಪ್ಪುನೇರಳೆ ತೋಟದಲ್ಲಿ ಕಡ್ಡಿ ಸವರುವ ಹಾಗೆ, ಹರೆಯದಲ್ಲಿ ಮಿದುಳು ತನಗೆ ಬೇಡವಾದ ನರಕೋಶಗಳ ಕೊಂಡಿಗಳನ್ನು ತಾನೇ ಸವರಿಕೊಳ್ಳುತ್ತದೆ. ಈ ಕೆಲಸಕ್ಕೆ ಗುರುತು ಹಾಕಿಕೊಡುವ ಸಿ4 ಎಂಬ ವಂಶವಾಹಿಯ ಕೆಲವು ಬಗೆಗಳು ಇದ್ದವರಿಗೆ ಸ್ಕಿಜೋಫ್ರೀನಿಯಾ ಸಾಧ್ಯತೆ ಸ್ವಲ್ಪ ಹೆಚ್ಚು ಎಂದು 2016ರಲ್ಲಿ ತಿಳಿದುಬಂತು. ಸವರುವುದು ಅತಿಯಾದರೆ? ರೋಗ ಹದಿನೆಂಟು-ಇಪ್ಪತ್ತರ ಆಸುಪಾಸಿನಲ್ಲೇ ಯಾಕೆ ತಲೆ ಎತ್ತುತ್ತದೆ ಎಂಬುದಕ್ಕೆ ಇದು ಹೊಂದುತ್ತದೆ. ಹೊಂದುತ್ತದೆ ಅಷ್ಟೇ, ಸಾಬೀತಾಗಿಲ್ಲ.

ಈ ಲೆಕ್ಕಗಳಲ್ಲಿ ನಾವು ಇಲ್ಲ ಎಂಬುದು ತಕರಾರಿನ ವಿಷಯ. ಆ ಲಕ್ಷಾಂತರ ಡಿಎನ್‌ಎ ಮಾದರಿಗಳಲ್ಲಿ ಬಹುಪಾಲು ಯುರೋಪಿನ ಮೂಲದವರವು. ಅಲ್ಲಿನ ಲೆಕ್ಕ ಇಲ್ಲಿಗೆ ಹಾಗೇ ಒಗ್ಗುವುದಿಲ್ಲ. ನಮ್ಮಲ್ಲಿ ಮದುವೆ ಜಾತಿಯೊಳಗೆ, ಎಷ್ಟೋ ಸಲ ಮನೆಯೊಳಗೆ: ಅಕ್ಕನ ಮಗಳು, ಸೋದರತ್ತೆಯ ಮಗ. ಬೇರೆಡೆ ಅಪರೂಪವಾದ ವಂಶವಾಹಿ ಬದಲಾವಣೆ ಇಲ್ಲಿನ ಒಂದು ಸಮುದಾಯದಲ್ಲಿ ಸಾಮಾನ್ಯವಾಗಿರಬಹುದು, ಅಪ್ಪನಿಂದಲೂ ಅಮ್ಮನಿಂದಲೂ ಒಂದೇ ಬದಲಾವಣೆ ಮಗುವಿಗೆ ಇಳಿದಿರಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಮುಂದಾಳಾಗಿದ್ದ ಜೀನೋಮ್ ಇಂಡಿಯಾ ಯೋಜನೆಯ ಹತ್ತು ಸಾವಿರ ಭಾರತೀಯರ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು. ಅದು ಅಡಿಪಾಯ. ಮನೆ ಕಟ್ಟಲು ರೋಗಿಗಳು, ಅವರ ಮನೆಯವರು ಬೇಕು.

ಇಲ್ಲಿಗೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಎಂಬ ನಮ್ಮ ಮೂರು ಜಿಲ್ಲೆಗಳು ಬರುತ್ತವೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಿಮ್ಹಾನ್ಸ್ ಮೊದಲು ಪರೀಕ್ಷಿಸಿ ನೋಡಿದ್ದು ಕೋಲಾರ ಜಿಲ್ಲೆಯಲ್ಲಿ. ಆ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ 10.6 ಮಂದಿ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆಯಲ್ಲಿದ್ದರು. ಗೌರಿಬಿದನೂರು, ಮಧುಗಿರಿಗಳಲ್ಲಿ ನಿಮ್ಹಾನ್ಸ್ ವೈದ್ಯರು ವಿಸ್ತರಣಾ ಕ್ಲಿನಿಕ್ ನಡೆಸಿಕೊಂಡು ಬಂದಿದ್ದಾರೆ. ತುರುವೇಕೆರೆ ತಾಲ್ಲೂಕಿನಲ್ಲಿ, ತೀರ್ಥಹಳ್ಳಿಯಲ್ಲಿ ಮಾಡಿದ ಹಾಗೆಯೇ, ಊರೂರು ತಿರುಗಿ ಚಿಕಿತ್ಸೆಯಿಲ್ಲದೆ ಉಳಿದ ಸೈಕೋಸಿಸ್ ರೋಗಿಗಳನ್ನು ಹುಡುಕಿ ಮದ್ದು ಕೊಟ್ಟು ವರ್ಷಗಟ್ಟಲೆ ಹಿಂಬಾಲಿಸುವ ಕೆಲಸ ನಡೆದಿದೆ. ಶ್ರೀನಿವಾಸಪುರ ತಾಲ್ಲೂಕಿನಲ್ಲಿ 2018ರಿಂದ ಮಿದುಳು ಸಂಶೋಧನಾ ಕೇಂದ್ರದ 'ಸ್ಯಾನ್ಸ್‌ಕಾಗ್' ಅಧ್ಯಯನ ನಡೆಯುತ್ತಿದೆ. 45 ದಾಟಿದ ಹತ್ತು ಸಾವಿರ ಹಳ್ಳಿಗರನ್ನು ಸೇರಿಸಿಕೊಂಡು ಅವರ ನೆನಪು, ಮನಸ್ಸು, ರಕ್ತ, ಮಿದುಳಿನ ಚಿತ್ರಗಳನ್ನು ವರ್ಷಗಳ ಕಾಲ ಮತ್ತೆಮತ್ತೆ ನೋಡುವುದು ಅದರ ಗುರಿ. ಅದು ಮುಖ್ಯವಾಗಿ ಮರೆವಿನ ಕಾಯಿಲೆಯ ಅಧ್ಯಯನ ನಿಜ, ಆದರೆ ಖಿನ್ನತೆಯನ್ನೂ ಅಳೆಯುತ್ತದೆ. ಇಳಿವಯಸ್ಸಿನಲ್ಲಿ ಇವೆರಡನ್ನೂ ಬಿಡಿಸಿ ನೋಡುವುದು ಸುಲಭವಲ್ಲ. ಇನ್ನು ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮತ್ತು ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ ಸೇರಿ, ಒಂದೇ ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಮಂದಿಗೆ ತೀವ್ರ ಮನೋರೋಗವಿರುವ ಕುಟುಂಬಗಳನ್ನು ಅಭ್ಯಾಸ ಮಾಡುತ್ತಿವೆ. ಸ್ಕಿಜೋಫ್ರೀನಿಯಾ, ಬೈಪೋಲಾರ್, ಗೀಳು, ವ್ಯಸನ, ಡಿಮೆನ್ಷಿಯಾ ಎಂಬ ಐದು ರೋಗಗಳು ಅದರ ವ್ಯಾಪ್ತಿ. 2023ರಲ್ಲಿ ರೋಹಿಣಿ ನಿಲೇಕಣಿ ಅವರ ದತ್ತಿ ಸಂಸ್ಥೆ ಇದಕ್ಕೆ 100 ಕೋಟಿ ರೂಪಾಯಿ ಘೋಷಿಸಿತು.

ದುಡ್ಡು, ಯಂತ್ರ ಎರಡೂ ಬಂದಿವೆ. ಎಡವುವುದು ಬೇರೆ ಕಡೆ.

ಮೊದಲ ಎಡವು ವಂಶವೃಕ್ಷ ಬರೆಯುವಲ್ಲಿ. ಮೂರು ತಲೆಮಾರಿನ ಪಟ್ಟಿ ಬೇಕು. 'ನಿಮ್ಮ ಮನೇಲಿ ಯಾರಿಗಾದ್ರೂ ಮಾನಸಿಕ ಕಾಯಿಲೆ ಇತ್ತಾ?' ಎಂದು ಕೇಳಿದರೆ ಉತ್ತರ 'ಇಲ್ಲ', ಅದೂ ಪ್ರಶ್ನೆ ಮುಗಿಯುವ ಮೊದಲೇ. ಅನುಭವಸ್ಥ ಕ್ಷೇತ್ರ ಕಾರ್ಯಕರ್ತೆ ಹಾಗೆ ಕೇಳುವುದಿಲ್ಲ. ಮನೆ ಬಿಟ್ಟು ಹೋಗಿ ವಾಪಸ್ ಬಾರದವರು ಇದ್ದರಾ? ಬಾವಿಗೆ ಬಿದ್ದವರು? ತಿಂಗಳುಗಟ್ಟಲೆ ಮಾತು ಬಿಟ್ಟವರು? ಮೈಮೇಲೆ ದೇವರು ಬಂದು ಆಮೇಲೆ ಇಳಿಯದೇ ಹೋದವರು? ಮದುವೆ ಆಗದೇ ಉಳಿದ ಚಿಕ್ಕಪ್ಪ? ಹೀಗೆ ಕೇಳುತ್ತಾಳೆ. ಒಬ್ಬರ ಬಾಯಲ್ಲಿ ಸಾಲದು, ತಾಯಿಯ ಕಡೆಯ ಅಜ್ಜಿಯನ್ನೂ ಕೇಳಬೇಕು. ರೋಗ ಶುರುವಾದ ವಯಸ್ಸು ಗೊತ್ತಿರುವುದಿಲ್ಲ. 'ತಂಗಿ ಮದುವೆ ಆದ ವರ್ಷ', 'ಬೋರ್‌ವೆಲ್ ಬತ್ತಿದ ವರ್ಷ' ಎಂದು ಲೆಕ್ಕ ಹಾಕಿ ಹಿಡಿಯಬೇಕು. ಒಳಸಂಬಂಧದ ಮದುವೆ ಇದ್ದರೆ ಇನ್ನೊಂದು ಪೇಚು: ಹುಡುಗನ ಅಕ್ಕನೇ ಅವನ ಅತ್ತೆ. ಪಟ್ಟಿಯಲ್ಲಿ ಆಕೆ ಒಂದೇ ಗುಂಡಗಿನ ಗುರುತಾಗಿ, ಎರಡು ದಾರಿಯಿಂದ ಕೂಡಿಕೊಳ್ಳಬೇಕು. ಕಂಪ್ಯೂಟರಿಗೆ ತುಂಬಿಸುವವರು ಆಕೆಯನ್ನು ಇಬ್ಬರು ಹೆಂಗಸರು ಎಂದು ಬರೆದರೆ ಮುಂದಿನ ಲೆಕ್ಕವೆಲ್ಲ ಹಾಳು. ರೋಗವಿಲ್ಲದ ಅಣ್ಣತಮ್ಮಂದಿರನ್ನು 'ನಿಮಗೇನೂ ಇಲ್ಲ, ಹೋಗಿ' ಎಂದು ಕಳಿಸುವುದು ಇನ್ನೂ ದೊಡ್ಡ ತಪ್ಪು. ಅದೇ ಮನೆಯಲ್ಲಿ ಬೆಳೆದು, ಅರ್ಧ ವಂಶವಾಹಿ ಹಂಚಿಕೊಂಡೂ ರೋಗ ತಟ್ಟದವರೇ ಹೋಲಿಕೆಗೆ ಅಮೂಲ್ಯ.

ರಕ್ತದ ವಿಷಯ. ಡಿಎನ್‌ಎಗೆ ಬೇಕಾದ್ದು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಕೆಲವು ಮಿಲಿಲೀಟರ್ ಅಷ್ಟೇ. ಜೀವಂತ ಕೋಶ ಬೇಕಾದಾಗ ನಿಯಮ ಬೇರೆ. ಬಿಳಿ ರಕ್ತಕಣಗಳನ್ನು ಹಿಂದಕ್ಕೆ ತಿರುಗಿಸಿ ಕಾಂಡಕೋಶ (ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಕೋಶ) ಮಾಡಿ, ಅದರಿಂದ ಪ್ರಯೋಗಾಲಯದ ತಟ್ಟೆಯಲ್ಲಿ ನರಕೋಶ ಬೆಳೆಸುತ್ತಾರೆ. ಬದುಕಿರುವವರ ಮಿದುಳನ್ನು ತೆರೆದು ನೋಡಲಾಗದು, ಅವರದ್ದೇ ನರಕೋಶವನ್ನು ಹೀಗೆ ನೋಡಬಹುದು. ಜಪಾನಿನ ವಿಜ್ಞಾನಿ ಯಮನಾಕ 2006ರಲ್ಲಿ ತೋರಿಸಿದ ಈ ದಾರಿಗೆ 2012ರಲ್ಲಿ ನೊಬೆಲ್ ಬಂತು. ಒಂದು ಟ್ಯೂಬಿನಿಂದ ಕೆಲಸಕ್ಕೆ ಬರುವ ನರಕೋಶದವರೆಗೆ ತಿಂಗಳುಗಳೇ ಹಿಡಿಯುತ್ತವೆ. ಇಂಥ ರಕ್ತವನ್ನು ಐಸಿನ ಮೇಲೆ ಇಟ್ಟು ತರಬಾರದು, ಏಪ್ರಿಲ್ ಬಿಸಿಲಲ್ಲಿ ಜೀಪಿನ ಡ್ಯಾಶ್‌ಬೋರ್ಡಿನ ಮೇಲೂ ಇಡಬಾರದು. ಕೋಣೆಯ ಬಿಸಿಯಲ್ಲಿಟ್ಟು ಒಂದು ದಿನದೊಳಗೆ ಪ್ರಯೋಗಾಲಯ ತಲುಪಿಸಬೇಕು. ಪಾವಗಡದಲ್ಲಿ ಶನಿವಾರ ಸಂಜೆ ರಕ್ತ ತೆಗೆದರೆ ಅದು ಸೋಮವಾರದ ಹೊತ್ತಿಗೆ ಬರೀ ಕೆಂಪು ನೀರು. ಸೂಜಿ ಚುಚ್ಚುವ ದಿನವನ್ನು ನಿರ್ಧರಿಸಬೇಕಾದವರು ಪ್ರಯೋಗಾಲಯದವರು, ಕ್ಯಾಂಪ್ ಮಾಡುವವರಲ್ಲ.

ಇಇಜಿ ಎಂದರೆ ತಲೆಗೆ ತಂತಿ ಹಚ್ಚಿ ಮಿದುಳಿನ ವಿದ್ಯುತ್ ಅಲೆ ಬರೆಯುವುದು. ಅದನ್ನು ಕೆಡಿಸುವುದು ಎಣ್ಣೆ. ಆಸ್ಪತ್ರೆಗೆ ಹೋಗುವುದೆಂದರೆ ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆದು ಬರುವುದು ನಮ್ಮಲ್ಲಿ ಮರ್ಯಾದೆ. ಎಣ್ಣೆಯ ಮೇಲೆ ಎಲೆಕ್ಟ್ರೋಡ್ ಹಿಡಿಯದು. ಹಿಂದಿನ ರಾತ್ರಿ ತಲೆಗೆ ಸ್ನಾನ ಮಾಡಿ ಒಣ ಕೂದಲಲ್ಲಿ ಬನ್ನಿ ಎಂದು ಎರಡು ದಿನ ಮೊದಲೇ ಹೇಳಿರಬೇಕು. ಎಂಆರ್‌ಐಯಲ್ಲಿ ತೊಡಕು ಲೋಹದ್ದು. ತಾಳಿ, ಕಾಲುಂಗುರ, ಮೂಗುತಿ, ತಾಯಿತ, ಹೇರ್‌ಪಿನ್ ಎಲ್ಲ ತೆಗೆಯಬೇಕು. ಆ ಬಾಗಿಲಲ್ಲಿ ನಿಂತು 'ತಾಳಿ ಬಿಚ್ಚಮ್ಮ' ಎಂದರೆ ಅರ್ಧಕ್ಕರ್ಧ ಹೆಂಗಸರು ವಾಪಸ್ ಹೊರಡುತ್ತಾರೆ. ಮನೆಯಲ್ಲೇ, ಗಂಡ-ಅತ್ತೆಯ ಎದುರಿಗೇ ಮೊದಲು ತಿಳಿಸಿ, ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಂಡು ಬರಬಹುದು ಎಂದರೆ ಸಲೀಸು. ಪೇಸ್‌ಮೇಕರ್ ಇದೆಯೇ, ವೆಲ್ಡಿಂಗ್ ಶೆಡ್ಡಿನಲ್ಲಿ ದುಡಿದವರ ಕಣ್ಣಿಗೆ ಎಂದಾದರೂ ಕಬ್ಬಿಣದ ಚೂರು ಹೊಕ್ಕಿತ್ತೇ ಎಂದು ಕೇಳಲೇಬೇಕು, ಅದು ಪ್ರಾಣದ, ಕಣ್ಣಿನ ಪ್ರಶ್ನೆ. ಅರ್ಧ ಮುಕ್ಕಾಲು ಗಂಟೆ ಕಿವಿಗಡಚಿಕ್ಕುವ ಸದ್ದಿನ ಕೊಳವೆಯಲ್ಲಿ ಅಲುಗಾಡದೆ ಮಲಗಬೇಕು. ದನಿ ಕೇಳುವ ಕಾಯಿಲೆಯವರಿಗೆ ಇದು ಸಣ್ಣ ಮಾತಲ್ಲ. ತಲೆ ಕೆಲವು ಮಿಲಿಮೀಟರ್ ಅಲುಗಿದರೂ ಚಿತ್ರ ಮಸುಕು. ಅದಕ್ಕಿಂತ ಕೆಟ್ಟದ್ದೆಂದರೆ ಆ ಮಸುಕನ್ನೇ ರೋಗದ ಗುರುತು ಎಂದುಕೊಳ್ಳುವ ಅಪಾಯ. ಒಂದು ಎಚ್ಚರಿಕೆ: ಪರೀಕ್ಷೆ ಶುದ್ಧವಾಗಲಿ ಎಂದು ಯಾರೂ ತಾವಾಗಿ ಮಾತ್ರೆ ನಿಲ್ಲಿಸಬಾರದು. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಎಷ್ಟು ವರ್ಷದಿಂದ ಎಂಬ ಚೀಟಿ ತಂದರೆ ಸಾಕು.

ನೆನಪಿನ ಪರೀಕ್ಷೆಗಳಲ್ಲಿ ಭಾಷೆಯ ಬಲೆಯಿದೆ. ಗಡಿಯಾರದ ಚಿತ್ರ ಬರೆಯಿರಿ ಎಂದರೆ, ಎಂದೂ ಪೆನ್ನು ಹಿಡಿಯದ ಅಜ್ಜಿಗೆ ಆಗುವುದಿಲ್ಲ. ಅದು ಶಾಲೆಯನ್ನು ಅಳೆಯುತ್ತದೆ, ಮಿದುಳನ್ನಲ್ಲ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಕೋಲಾರ ಸೀಮೆಯವರಿಗೆ ಪುಸ್ತಕದ ಕನ್ನಡದಲ್ಲಿ ಹತ್ತು ಪದ ಹೇಳಿ ನೆನಪಿಡಿ ಎಂದರೂ ಹಾಗೆಯೇ.

ಇಷ್ಟೆಲ್ಲ ಒಮ್ಮೆ ಸರಿಯಾಗಿ ಮಾಡಿದರೂ ಅರ್ಧ ಕೆಲಸವೇ. ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸಲು ಅದೇ ಮನುಷ್ಯ ಎರಡು, ನಾಲ್ಕು, ಹತ್ತು ವರ್ಷದ ಮೇಲೆ ಮತ್ತೆ ಬರಬೇಕು. ಒಂದೇ ಸಲದ ಚಿತ್ರದಲ್ಲಿ ಮಿದುಳಿನ ಒಂದು ಭಾಗ ತೆಳುವಾಗಿ ಕಂಡರೆ ಅದು ರೋಗದಿಂದಲೋ, ಮಾತ್ರೆಯಿಂದಲೋ, ಬೀಡಿ-ಹೆಂಡದಿಂದಲೋ, ಸಕ್ಕರೆ ಕಾಯಿಲೆಯಿಂದಲೋ ಹೇಳಲಾಗದು. ಮರುಭೇಟಿ ತಪ್ಪುವ ಕಾರಣಗಳು ಬಹಳ ಸಾಮಾನ್ಯವಾದವು. ಮೇ-ಜೂನ್‌ನಲ್ಲಿ ಶ್ರೀನಿವಾಸಪುರದವರು ಮಾವಿನ ಮಂಡಿ ಬಿಟ್ಟು ಬರುವುದಿಲ್ಲ. ಶಿಡ್ಲಘಟ್ಟದ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಮೇಲೆ ಹಣ್ಣಾಗಿ ಗೂಡಿಗೆ ಏರುವವರೆಗೆ ಯಾರೂ ಹೊಸಿಲು ದಾಟುವುದಿಲ್ಲ. ರಾಗಿ ಕೊಯ್ಲಿನ ವಾರಗಳೂ ಹಾಗೆಯೇ. ಹುಡುಗಿ ಮದುವೆಯಾಗಿ ಹಿಂದೂಪುರಕ್ಕೆ ಹೋಗಿರುತ್ತಾಳೆ, ಹುಡುಗ ನರಸಾಪುರದ ಫ್ಯಾಕ್ಟರಿ ಸೇರಿ ಸಿಮ್ ಬದಲಿಸಿರುತ್ತಾನೆ. ಒಂದರ ಬದಲು ಮೂರು ನಂಬರ್ ಬರೆದುಕೊಳ್ಳುವುದು, ಅದರಲ್ಲೊಂದು ತವರಿನ ಕಡೆಯದಾಗಿರುವುದು, ಯಾವ ಸಾಫ್ಟ್‌ವೇರಿಗಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತದೆ.

ಒಪ್ಪಿಗೆಯ ಬಗ್ಗೆ ಕಾನೂನು ಸ್ಪಷ್ಟ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 99ನೇ ಸೆಕ್ಷನ್ ಪ್ರಕಾರ ಸಂಶೋಧನೆಗೆ ವ್ಯಕ್ತಿಯ ಸ್ವಂತ ಇಚ್ಛೆಯ, ತಿಳಿದು ಕೊಟ್ಟ ಒಪ್ಪಿಗೆ ಬೇಕು. ಆತ ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದಿದ್ದರೆ ಮನೆಯವರ ಸಹಿಯೊಂದೇ ಸಾಲದು, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿ ಬೇಕು. ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ಓದು ಬಾರದವರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಅಧ್ಯಯನಕ್ಕೆ ಸಂಬಂಧಿಸದ ಸಾಕ್ಷಿಯೊಬ್ಬರು ಎದುರಿಗಿರಬೇಕು. ಮನೆಯವರು ಕೇಳಿ ತಿಳಿಯಬೇಕಾದ್ದು: ರಕ್ತವನ್ನು ಎಷ್ಟು ವರ್ಷ ಇಡುತ್ತೀರಿ, ಬೇರೆ ಸಂಸ್ಥೆಗೆ, ಹೊರದೇಶಕ್ಕೆ ಕೊಡುತ್ತೀರಾ, ಹೆಸರಿನ ಬದಲು ಸಂಕೇತ ಬಳಸುತ್ತೀರಾ, ನಾವು ಬೇಡ ಎಂದರೆ ಮಗನ ಚಿಕಿತ್ಸೆಗೆ ತೊಂದರೆಯಾಗುತ್ತದಾ? ಕೊನೆಯ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರ ಬರೆದೇ ಕೊಟ್ಟಿರಬೇಕು. ಬಸ್ಸಿನ ಖರ್ಚು, ತಪ್ಪಿದ ಕೂಲಿ ಕೇಳುವುದು ತಪ್ಪಲ್ಲ. ಗುಟ್ಟಿನ ಮಾತಿಗೆ ಬಂದರೆ, ಕಂಪ್ಯೂಟರ್ ಪಾಸ್‌ವರ್ಡಿನಷ್ಟೇ ಮುಖ್ಯವಾದದ್ದು ಜೀಪು. ಮಾನಸಿಕ ಆಸ್ಪತ್ರೆಯ ಹೆಸರು ಬರೆದ ಗಾಡಿ ಮದುವೆ ವಯಸ್ಸಿಗೆ ಬಂದ ಹುಡುಗಿಯ ಮನೆ ಮುಂದೆ ಅರ್ಧ ಗಂಟೆ ನಿಂತರೆ ಇಡೀ ಊರಿಗೆ ವರದಿ ತಲುಪಿದ ಹಾಗೆ.

ಮಿದುಳು ದಾನದ ಬಗ್ಗೆ ಕಣ್ಣು ದಾನದಷ್ಟು ತಿಳಿವಳಿಕೆ ಇಲ್ಲ. ನಿಮ್ಹಾನ್ಸ್‌ನ ಮಿದುಳು ಬ್ಯಾಂಕ್ 1995ರಿಂದ ಇದೆ, ಡಾ. ಎಸ್.ಕೆ. ಶಂಕರ್ ಕಟ್ಟಿ ಬೆಳೆಸಿದ್ದು. ಅಲ್ಲಿಗೆ ಬಂದ ಎಷ್ಟೋ ಮಿದುಳುಗಳು ರಸ್ತೆ ಅಪಘಾತದಲ್ಲಿ ಸತ್ತವರವು, ಮರಣೋತ್ತರ ಪರೀಕ್ಷೆಯ ಹೊತ್ತಿಗೆ ಮನೆಯವರು ಒಪ್ಪಿ ಕೊಟ್ಟವು. ರೋಗವಿಲ್ಲದ ಮಿದುಳೂ ಹೋಲಿಕೆಗೆ ಅಷ್ಟೇ ಬೇಕು. ಬದುಕಿದ್ದಾಗ ಪ್ರತಿಜ್ಞಾಪತ್ರ ಬರೆದಿದ್ದರೂ ಸತ್ತ ಮೇಲೆ ಹತ್ತಿರದ ಬಂಧುಗಳು ಒಪ್ಪದೆ ಕೆಲಸ ನಡೆಯದು. ಆದ್ದರಿಂದ ಮಕ್ಕಳಿಗೆ ಮೊದಲೇ ಹೇಳಿಡಬೇಕು. ಗಂಟೆಗಳು ಕಳೆದಂತೆ ಕೋಶದೊಳಗೆ ವಂಶವಾಹಿಯ ಸಂದೇಶ ಒಯ್ಯುವ ಆರ್‌ಎನ್‌ಎ ಕರಗುತ್ತದೆ, ಹಾಗಾಗಿ ತಡಮಾಡದೆ ಫೋನ್ ಮಾಡಿ ಶವವನ್ನು ತಣ್ಣಗಿಡಬೇಕು. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಪಟ್ಟಣಗಳಿಂದ ಬೆಂಗಳೂರು ಎರಡು ಗಂಟೆಯ ಹಾದಿ; ಸಾಧ್ಯವಿದೆ. ಪಾವಗಡದಿಂದ 150 ಕಿಲೋಮೀಟರ್, ರಾತ್ರಿಯ ಸಾವಾದರೆ ಕಷ್ಟ. ನೆತ್ತಿಯ ಹಿಂದೆ ಕಿವಿಯಿಂದ ಕಿವಿಗೆ ಚರ್ಮ ಬಿಡಿಸಿ ಮಿದುಳು ತೆಗೆದು ಹೊಲಿಯುತ್ತಾರೆ. ಮುಖಕ್ಕೆ ಏನೂ ಆಗುವುದಿಲ್ಲ, ಅಂತಿಮ ದರ್ಶನಕ್ಕೂ ಸಂಸ್ಕಾರಕ್ಕೂ ಅಡ್ಡಿಯಿಲ್ಲ. ಆಮೇಲೆ, ಬ್ಯಾಂಕುಗಳ ಸಾಮಾನ್ಯ ಕ್ರಮದಂತೆ, ಒಂದು ಭಾಗ ಫಾರ್ಮಲಿನ್‌ಗೆ, ಇನ್ನೊಂದು ಭಾಗ ತೆಳು ಹೋಳುಗಳಾಗಿ ಮೈನಸ್ 80 ಡಿಗ್ರಿಯ ಫ್ರೀಜರಿಗೆ ಹೋಗುತ್ತದೆ. ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ ಇದ್ದೇ ಇರುತ್ತದೆ. ಆತ್ಮಹತ್ಯೆಯಾಗಿದ್ದರೆ ಪೊಲೀಸ್ ಪಂಚನಾಮೆ ಮುಗಿಯದೆ ಯಾರೂ ಮುಟ್ಟುವಂತಿಲ್ಲ. ಖಿನ್ನತೆಯ ಅಧ್ಯಯನಕ್ಕೆ ಅತಿ ಮುಖ್ಯವಾದ ಮಿದುಳುಗಳು ಕೈತಪ್ಪುವುದು ಬಹಳ ಸಲ ಅಲ್ಲೇ.

ದುಡ್ಡು ಕೊಡುವವರಿಗೆ ಒಂದು ಮಾತು. ಕಂಪನಿ ಕಾಯ್ದೆಯ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಯ ಖರ್ಚು) ಪಟ್ಟಿಯಲ್ಲಿ ಸಾರ್ವಜನಿಕ ಸಂಸ್ಥೆಗಳ ಸಂಶೋಧನೆಗೂ ಜಾಗವಿದೆ. ವೇಮಗಲ್, ವಸಂತನರಸಾಪುರದ ಕಾರ್ಖಾನೆಗಳು ಶಾಲೆಗೆ ಬೆಂಚು ಕೊಟ್ಟ ಹಾಗೆ ಇದಕ್ಕೂ ಕೊಡಬಹುದು. ಆದರೆ ಉದ್ಘಾಟನೆಯ ಫೋಟೋಗೆ ಯಂತ್ರವೇ ಬೇಕಾಗುತ್ತದೆ, ಅಲ್ಲೇ ತೊಡಕು. ಸಂಶೋಧನಾ ಅನುದಾನ ಸಾಮಾನ್ಯವಾಗಿ ಮೂರು, ಐದು ವರ್ಷದ್ದು. ಮುಗಿದ ದಿನ ಗುತ್ತಿಗೆಯ ಕ್ಷೇತ್ರ ಕಾರ್ಯಕರ್ತೆ ಮನೆಗೆ ಹೋಗುತ್ತಾಳೆ, ಅವಳ ಜೊತೆ ಇನ್ನೂರು ಮನೆಗಳ ನಂಬಿಕೆಯೂ ಹೋಗುತ್ತದೆ. ಅವಳ ಹತ್ತು ವರ್ಷದ ಸಂಬಳ, ಫ್ರೀಜರಿನ ಕರೆಂಟು ಹೋದರೆ ಹತ್ತಿಕೊಳ್ಳುವ ಜನರೇಟರಿನ ಡೀಸೆಲ್, ಮನೆಯವರನ್ನು ಕರೆತರುವ ಗಾಡಿ: ಕೊಡುವುದಾದರೆ ಇವಕ್ಕೆ ಕೊಡಿ.

ಇದೆಲ್ಲ ನಿಂತಿರುವುದು ಚಿಕಿತ್ಸೆಯ ಮೇಲೆ. ತುರುವೇಕೆರೆಯಲ್ಲಿ ವರ್ಷಗಟ್ಟಲೆ ಜನರನ್ನು ಹಿಂಬಾಲಿಸಲು ಆಗಿದ್ದು ಮೊದಲು ಮದ್ದು ತಲುಪಿಸಿದ್ದರಿಂದ. ತಾಲ್ಲೂಕು ಆಸ್ಪತ್ರೆಯಲ್ಲಿ ರಿಸ್ಪೆರಿಡೋನ್ ಮಾತ್ರೆ ಮುಗಿದಿದೆ, ಮುಂದಿನ ವಾರ ಬನ್ನಿ ಎಂದು ಮಂಗಳವಾರ ವಾಪಸ್ ಕಳಿಸಿದ ಮನೆಗೆ ಬುಧವಾರ ರಕ್ತ ಕೇಳಿಕೊಂಡು ಹೋದರೆ ಬಾಗಿಲು ತೆರೆಯುವುದಿಲ್ಲ, ತೆರೆಯಬೇಕಾಗಿಯೂ ಇಲ್ಲ. ಮಾತ್ರೆ ತಪ್ಪಿ ರೋಗ ಮರುಕಳಿಸಿದರೆ ಆ ವ್ಯಕ್ತಿಯ ಒಪ್ಪಿಗೆಯೂ ಪ್ರಶ್ನೆಗೆ ಒಳಗಾಗುತ್ತದೆ, ಐದು ವರ್ಷ ಸೇರಿಸಿದ ಮಾಹಿತಿಯೂ ಅಲ್ಲಿಗೇ ತುಂಡಾಗುತ್ತದೆ. ಈ ಜಿಲ್ಲೆಗಳಿಗೆ ಬರುವ ಯಾವುದೇ ಮಿದುಳು ಅಧ್ಯಯನದ ಬಜೆಟ್ಟಿನಲ್ಲಿ, ಸರ್ಕಾರಿ ಸರಬರಾಜು ನಿಂತರೂ ಮೂರು ತಿಂಗಳು ನಡೆಯುವಷ್ಟು ರಿಸ್ಪೆರಿಡೋನ್, ಒಲಾಂಜಪೈನ್, ಲಿಥಿಯಂ ದಾಸ್ತಾನು, ಲಿಥಿಯಂ ತೆಗೆದುಕೊಳ್ಳುವವರ ರಕ್ತಮಟ್ಟ ನೋಡುವ ಖರ್ಚು ಒಂದು ಸಾಲಾಗಿ ಇರಬೇಕು. ನೈತಿಕ ಸಮಿತಿಗಳು ಒಪ್ಪಿಗೆ ಪತ್ರದ ಅಕ್ಷರ ತಿದ್ದುವಷ್ಟೇ ಶ್ರದ್ಧೆಯಿಂದ ಆ ಸಾಲು ಇದೆಯೇ ಎಂದು ಕೇಳಲಿ.